ಬರಿಯ ಡಿಸ್ಕಿಗೆ ಯಾವ ಭಂಡಾರ?

ರಾಯಬಾಗ ತಾಲೂಕಿನ ಪಾಲಬಾವಿಯಂಥ ಊರಿನ ಶಾಲೆಯಲ್ಲಿ ಇಪ್ಪತ್ತು ಗಣಕಯಂತ್ರಗಳಿದ್ದು, ಒಂದೊಂದಕ್ಕೂ ಪೆನ್‌ಡ್ರೈವ್ ಹಾಕಿ ಲಿನಕ್ಸ್ ಇನ್‌ಸ್ಟಾಲ್ ಮಾಡುತ್ತ ರಜೆಯನ್ನೆಲ್ಲ ಕಳೆಯುವ ಅಧ್ಯಾಪಕರಿಗೆ, ಕೇಬಲ್ಲಿನ ಮೂಲಕವೇ ಎಲ್ಲವನ್ನೂ ಏಕಕಾಲದಲ್ಲಿ ಸಿದ್ಧಗೊಳಿಸುವ ವಿದ್ಯೆಯು ಮಹೋಪಕಾರಿಯೆಂಬುದರಲ್ಲಿ ಸಂದೇಹವಿಲ್ಲ. ಜರ್ಮನಿಯ ಕಲೋನ್ ವಿಶ್ವವಿದ್ಯಾಲಯದ ಥಾಮಸ್ ಲಾಂಗೆಯವರು 1999ರಲ್ಲಿ ಆರಂಭಿಸಿದ ಎಫ್‌ಎಐ ತಂತ್ರಾಂಶವು ಈ ವಿದ್ಯೆಯ ಸುಪಕ್ವ ಫಲ. ಆದರೆ ಯಂತ್ರಗಳು ತಮ್ಮ ವಿನ್ಯಾಸದ ವಿವರಗಳನ್ನು ಓದಿಕೊಳ್ಳುವ ದತ್ತಭಂಡಾರವು ಯಾವುದಿರಬೇಕೆಂಬ ಪ್ರಶ್ನೆಯನ್ನು ಬಹುಜನರು ಕಡೆಗೆ ಇಟ್ಟುಕೊಳ್ಳುತ್ತಾರೆ, ಅದು ಮೊದಲಿನದಾಗತಕ್ಕದ್ದು.

ಸ್ವಿಚ್ ಒತ್ತಿದೊಡನೆ ಬರಿಯ ಡಿಸ್ಕಿನ ಯಂತ್ರವು ಡಿಎಚ್‌ಸಿಪಿಯಿಂದ ವಿಳಾಸವೊಂದನ್ನು ಬೇಡಿ ಪಡೆದು, ಟಿಎಫ್‌ಟಿಪಿಯಿಂದ, ಮೂಲ ನಿಯಮದಂತೆ 512 ಬೈಟುಗಳ ತುಣುಕುಗಳಾಗಿ, ಬೂಟ್ ಕಡತವನ್ನು ಇಳಿಸಿಕೊಳ್ಳುವಾಗ, ‘ನೀನಾರು’ ಎಂದು ಸರ್ವರು ಕೇಳುವುದೇ ಇಲ್ಲ. ಮೂಲೆಯ ಯಂತ್ರದ ಕೇಬಲನ್ನು ಕಿತ್ತು ತನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸಿದ ಹುಡುಗನಿಗೂ ಅದೇ ಕಡತವು ಅದೇ ಔದಾರ್ಯದಿಂದ ದೊರೆಯುತ್ತದೆ. ಅದರೊಳಗೆ ರೂಟ್ ಪಾಸ್‌ವರ್ಡಿನ ಹ್ಯಾಶ್ ಇದ್ದರಂತೂ ಅವನು ಅದನ್ನು ಮನೆಗೊಯ್ದು ಸಾವಕಾಶವಾಗಿ ಒಡೆಯಲು ಯತ್ನಿಸಬಹುದು.

ವಿನ್ಯಾಸದ ಭಂಡಾರವನ್ನು ಯಂತ್ರಗಳೊಡನೆ ಹಂಚಿಕೊಳ್ಳಲು ಎನ್‌ಎಫ್‌ಎಸ್ ಬಹುಕಾಲದ ರೂಢಿ, ಸುಲಭವೂ ಹೌದು. ಆದರೆ ಸಾಮಾನ್ಯ ಬಳಕೆಯಲ್ಲಿ ಅದು ಯಂತ್ರದ ಐಪಿ ವಿಳಾಸವನ್ನೂ ಯಂತ್ರವು ಹೇಳಿಕೊಳ್ಳುವ ಬಳಕೆದಾರ ಸಂಖ್ಯೆಯನ್ನೂ ನಂಬಿಬಿಡುತ್ತದೆ. ಗುರುತನ್ನು ಪರಿಶೀಲಿಸುವ ಕೆರ್ಬೆರೋಸನ್ನು ಜೋಡಿಸಿದರೆ ಈ ದೋಷ ನೀಗುವುದಾದರೂ, ಅದಕ್ಕೆ ಬೇಕಾದ ರಹಸ್ಯ ಕೀಲಿಯನ್ನು ಇರಿಸಿಕೊಳ್ಳಲು ಬರಿಯ ಡಿಸ್ಕಿನಲ್ಲಿ ಸ್ಥಳವೆಲ್ಲಿ? ಇಪ್ಪತ್ತು ಯಂತ್ರಗಳಿಗಾಗಿ ಡೇಟಾಬೇಸ್ ಸರ್ವರನ್ನು ನಿಲ್ಲಿಸುವುದನ್ನು ನಾನು ಒಪ್ಪಲಾರೆ. ಕಾಯಬೇಕಾದ ಬಾಗಿಲು ಇನ್ನೊಂದು ಹೆಚ್ಚಿದಂತಾಯಿತು, ಅಷ್ಟೆ.

ಓದುವ ಹಕ್ಕನ್ನೂ ಬರೆಯುವ ಹಕ್ಕನ್ನೂ ಬೇರೆಬೇರೆಯಾಗಿ ಕಾಣುವ ವಿವೇಕವು ನಮ್ಮ ಕಡೆಯ ರೈತರಿಗೆ ಅಪರಿಚಿತವಲ್ಲ. ಜಮೀನಿನ ದಾಖಲೆಗಳ ಭೂಮಿ ಯೋಜನೆಯಲ್ಲಿ ಯಾವ ಹೊಲದ ಉತಾರವನ್ನಾದರೂ ಯಾರು ಬೇಕಾದರೂ ಶುಲ್ಕ ಕೊಟ್ಟು ಪಡೆಯಬಹುದು. ಆದರೆ ದಾಖಲೆಯನ್ನು ತಿದ್ದುವ ಅಧಿಕಾರವುಳ್ಳವರ ಗುರುತಿಗೆ ಪಾಸ್‌ವರ್ಡನ್ನಷ್ಟೇ ನೆಚ್ಚದೆ ಬೆರಳಚ್ಚನ್ನು ಅವಲಂಬಿಸಲಾಯಿತು. ಓದುವುದಕ್ಕೊಂದು ನಿಯಮ, ಬರೆಯುವುದಕ್ಕೆ ಇನ್ನೊಂದು.

ಆದುದರಿಂದ ಡಿಸ್ಕಿನ ವಿಭಾಗ, ಪ್ಯಾಕೇಜುಗಳ ಪಟ್ಟಿ, ಪ್ರಿಂಟರಿನ ಹೆಸರು ಇವೆಲ್ಲವನ್ನೂ ಗಿಟ್ ಭಂಡಾರದಲ್ಲಿರಿಸಿ, ಓದಲು ಎಚ್‌ಟಿಟಿಪಿಎಸ್ ಮೂಲಕ ತೆರೆದಿಟ್ಟು, ಬರೆಯುವ ಅಧಿಕಾರವನ್ನು ಎಸ್‌ಎಸ್‌ಎಚ್ ಕೀಲಿ ಹೊಂದಿದ ಒಬ್ಬಿಬ್ಬರಿಗೆ ಮಾತ್ರ ಕೊಡುವುದು ನನಗೆ ಸರಿದೋರುತ್ತದೆ. ಎಫ್‌ಎಐ ಗಿಟ್‌ನಿಂದ ನೇರವಾಗಿ ಓದಬಲ್ಲದು. ಆದರೆ ಸರ್ವರನ್ನು ಗುರುತಿಸುವ ಪ್ರಮಾಣಪತ್ರವೂ ಟಿಎಫ್‌ಟಿಪಿಯಲ್ಲೇ ಬಂದರೆ ಎಚ್‌ಟಿಟಿಪಿಎಸ್ಸಿನ ರಕ್ಷಣೆಯೇ ಶಿಥಿಲವಾಗುವುದರಿಂದ, ಆ ಪ್ರಮಾಣಪತ್ರವನ್ನು ಒಳಗೊಂಡ ಐಪಿಎಕ್ಸ್‌ಇ ಎಂಬ ಬೂಟ್ ತಂತ್ರಾಂಶವನ್ನು ಒಂದು ಪೆನ್‌ಡ್ರೈವಿನಲ್ಲಿ ಸಿದ್ಧಪಡಿಸಿಕೊಂಡು ಅದರಿಂದಲೇ ಬೂಟ್ ಮಾಡಿಸುವ ಶ್ರಮವನ್ನು ವಹಿಸಬೇಕು.

ರಹಸ್ಯಗಳನ್ನು ಮಾತ್ರ ಈ ಭಂಡಾರದಲ್ಲಿ ಎಳ್ಳಷ್ಟೂ ಇಡಬಾರದು. ಯಂತ್ರವು ಮೊದಲ ಬಾರಿ ಎದ್ದು ತನ್ನ ಎಸ್‌ಎಸ್‌ಎಚ್ ಕೀಲಿಯನ್ನು ತಾನೇ ಉತ್ಪಾದಿಸಿಕೊಂಡ ಬಳಿಕ, ಅಧ್ಯಾಪಕರು ಪರದೆಯ ಮೇಲೆ ಮೂಡುವ ಕೀಲಿಯ ಗುರುತನ್ನೂ ಸರ್ವರಿಗೆ ಕಾಣುವ ಗುರುತನ್ನೂ ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡಿ, ಎರಡೂ ಒಂದೇ ಎಂದಾದಾಗ ಮಾತ್ರ ಪಾಸ್‌ವರ್ಡುಗಳನ್ನು ಎಸ್‌ಎಸ್‌ಎಚ್ ಮೂಲಕ ಕಳುಹಿಸಿಕೊಡಲಿ.