ಒಂದೇ ಬೆಂಚು, ಎರಡು ದಡ

ನಾ. ಡಿಸೋಜಾ ಅವರ ‘ದ್ವೀಪ’ವನ್ನು ಕಾಲೇಜಿನ ದಿನಗಳಲ್ಲಿ ಓದಿದಾಗ ಅದೊಂದು ಮುಳುಗಡೆಯ ಕತೆ ಎಂದಷ್ಟೇ ತಿಳಿದಿದ್ದೆ. ಈಚೆಗೆ ಮಾಸ್ತಿಕಟ್ಟೆಯ ಮಳೆಯಲ್ಲಿ ಮತ್ತೆ ಓದಿದೆ. ಆ ತಿಳಿವಳಿಕೆ ಸಾಲದು ಅನ್ನಿಸಿತು.

ಕಾದಂಬರಿಯ ನೀರು ಶರಾವತಿಯದು. ಮಾಸ್ತಿಕಟ್ಟೆಯದು ವಾರಾಹಿ. ಇಲ್ಲಿನ ಮಾಣಿ ಅಣೆಕಟ್ಟಿನ ನೀರು ಘಟ್ಟದ ಹೊಟ್ಟೆಯೊಳಗಿಂದ ಇಳಿದು, ಭೂಗರ್ಭ ವಿದ್ಯುದಾಗಾರದಲ್ಲಿ 460 ಮೆಗಾವಾಟ್ ಸಾಮರ್ಥ್ಯದ ಯಂತ್ರಗಳನ್ನು ತಿರುಗಿಸುತ್ತದೆ. ಇಂಥ ಊರಿನ ಹೈಸ್ಕೂಲಿನಲ್ಲಿ ಅಣೆಕಟ್ಟು ಕಟ್ಟಲು ಬಂದವರ ಮೊಮ್ಮಗಳೂ ಗದ್ದೆ ಬಿಟ್ಟು ಎದ್ದವರ ಮೊಮ್ಮಗನೂ ಒಂದೇ ಬೆಂಚಿನಲ್ಲಿ ಕೂತಿರಬಹುದು. ‘ಇದು ನಮ್ಮ ಕಡೆಯ ಕತೆ ಮಕ್ಕಳೇ’ ಎಂದು ಮೇಷ್ಟ್ರು ಪಾಠ ಶುರುಮಾಡಿದರೆ, ಯಾರ ಕಡೆಯದು?

ಮಕ್ಕಳ ಸಂಸ್ಕೃತಿಗೆ ಹೊಂದುವ ಬೋಧನೆಯ ಬಗ್ಗೆ ಅಮೆರಿಕದ ಗ್ಲೋರಿಯಾ ಲ್ಯಾಡ್ಸನ್-ಬಿಲ್ಲಿಂಗ್ಸ್ 1995ರಲ್ಲಿ ಬರೆದಾಗ ಮೂರು ಮಾತು ಹೇಳಿದ್ದರು: ಮಗು ಕಲಿಯಬೇಕು, ತನ್ನತನ ಕಳೆದುಕೊಳ್ಳಬಾರದು, ಇರುವ ವ್ಯವಸ್ಥೆಯನ್ನು ಪ್ರಶ್ನಿಸಬೇಕು. ನಮ್ಮಲ್ಲಿ ಎರಡನೆಯದಕ್ಕೇ ನಿಲ್ಲುತ್ತೇವೆ. ಸ್ಥಳೀಯ ಹಾಡು, ಹಬ್ಬ, ಕಡುಬು, ಅಲ್ಲಿಗೆ ಮುಗಿಯಿತು.

‘ದ್ವೀಪ’ ಅಲ್ಲಿಗೆ ನಿಲ್ಲಲು ಬಿಡುವುದಿಲ್ಲ. ನೀರು ಏರುತ್ತಿದ್ದಂತೆ ಗಣಪಯ್ಯನ ಮನಸ್ಸಿನಲ್ಲಿ ಅನುಮಾನವೂ ಏರುತ್ತದೆ; ನಾಗವೇಣಿಗೆ ಮನೆಯೊಳಗೂ ದಡವಿಲ್ಲ. ನೆಲ ಕಳೆದುಕೊಂಡವನು ಹೆಂಡತಿಯ ಪಾಲಿಗೆ ನ್ಯಾಯವಂತನೇ ಆಗಿರುತ್ತಾನೆಂಬ ಭರವಸೆಯನ್ನು ಡಿಸೋಜಾ ಕೊಡುವುದಿಲ್ಲ. ಅವರೇ ಲೋಕೋಪಯೋಗಿ ಇಲಾಖೆಯ ನೌಕರರಾಗಿದ್ದವರು. ಯೋಜನೆಯನ್ನೂ ಮುಳುಗಿದವರನ್ನೂ ಹತ್ತಿರದಿಂದ ಕಂಡ ಕಣ್ಣು ಅದು. ಹಾಗಾಗಿಯೇ ಈ ಪುಸ್ತಕ ಬೆಂಚಿನ ಎರಡೂ ತುದಿಯವರಿಗೆ ಸಲ್ಲುತ್ತದೆ.

ಇದನ್ನು ಕನ್ನಡ ಮೇಷ್ಟ್ರೊಬ್ಬರ ತಲೆಗೆ ಕಟ್ಟಿದರೆ ಆಗದು. ವಿಜ್ಞಾನದ ಪೀರಿಯಡ್‌ನಲ್ಲಿ ನೀರು ಎಂದರೆ ಶಕ್ತಿ, ಸಮಾಜದ ಪೀರಿಯಡ್‌ನಲ್ಲಿ ಅಭಿವೃದ್ಧಿ, ಕನ್ನಡದ ಪೀರಿಯಡ್‌ನಲ್ಲಿ ಕಣ್ಣೀರು. ಬೆಲ್ ಹೊಡೆದಂತೆಲ್ಲ ಒಂದೇ ನೀರಿನ ಅರ್ಥ ಬದಲಾಗುತ್ತದೆ. ಮಗು ಮೂರನ್ನೂ ಬೇರೆಬೇರೆ ನೋಟ್ಸಿನಲ್ಲಿ ಬರೆದುಕೊಳ್ಳುತ್ತದೆ. ಮೂವರು ಶಿಕ್ಷಕರು ಮೊದಲು ತಾವೇ ಸ್ಟಾಫ್ ರೂಮಿನಲ್ಲಿ ಈ ಪುಟ್ಟ ಕಾದಂಬರಿಯನ್ನು ಓದಿ ಜಗಳವಾಡಲಿ. ಅವರಲ್ಲೂ ಒಬ್ಬರು ಕಾಲೊನಿಯವರು, ಇನ್ನೊಬ್ಬರು ಹಿನ್ನೀರಿನ ಕಡೆಯವರು ಇದ್ದಾರು. ಆ ಜಗಳ ಗೊತ್ತಿಲ್ಲದ ಮೇಷ್ಟ್ರು ಮಕ್ಕಳ ಮೌನವನ್ನು ಶಿಸ್ತು ಎಂದುಕೊಳ್ಳುವ ಅಪಾಯವಿದೆ.

ಆಮೇಲೆ ಮಕ್ಕಳಿಗೆ ಒಂದೇ ಕೆಲಸ ಕೊಡಲಿ: ಅಣೆಕಟ್ಟಿನಿಂದ ನಮ್ಮ ಮನೆಗೆ ಬಂದದ್ದೇನು, ಹೋದದ್ದೇನು, ಅಜ್ಜಿಯನ್ನು ಕೇಳಿ ಬನ್ನಿ. ಅಜ್ಜನನ್ನಲ್ಲ, ಅಜ್ಜಿಯನ್ನು. ನಾಗವೇಣಿಯನ್ನು ಓದಿದವರಿಗೆ ಯಾಕೆಂದು ಹೇಳಬೇಕಾಗಿಲ್ಲ.