ಒಂದು ಮೂಳೆ ತೆಗೆದರೆ ಸಾಕೆ?

ಅಡಕೆ ಸುಲಿಯುವ ಕಾಲದಲ್ಲಿ ನಮ್ಮ ಮನೆಯ ಜಗಲಿಯಲ್ಲಿ ರಾತ್ರಿ ಹನ್ನೊಂದರವರೆಗೂ ದೀಪ ಉರಿಯುತ್ತಿತ್ತು. ಆಯಿ ಮೆಟ್ಟುಗತ್ತಿಯ ಮುಂದೆ ಕೂತಳೆಂದರೆ ಹಸಿ ಅಡಕೆಯ ಸಿಪ್ಪೆ ಎರಡೇ ಒತ್ತಿಗೆ ಬಿಡುತ್ತಿತ್ತು. ಅರವತ್ತು ದಾಟಿದ ಮೇಲೆ ಅವಳ ಬಲಗೈ ಹೆಬ್ಬೆರಳಿನ ಬುಡದಲ್ಲಿ ಗಂಟಿನಂಥದೊಂದು ಎದ್ದಿತು. ಮೊದಲು ಡಬ್ಬಿಯ ಮುಚ್ಚಳ ತಿರುಗಿಸಲು ಆಗದಾಯಿತು, ಆಮೇಲೆ ಒದ್ದೆ ಸೀರೆ ಹಿಂಡಲು, ಕಡೆಗೆ ಬೀಗದ ಕೈ ತಿರುಗಿಸಲೂ ಆಗಲಿಲ್ಲ. ಎಕ್ಸ್‌ರೇ ನೋಡಿದ ಒಬ್ಬ ವೈದ್ಯರು ಮೂಳೆ ತೆಗೆದು ಸ್ನಾಯುರಜ್ಜುವಿನಿಂದ ಕಟ್ಟೋಣ ಎಂದರು. ಎರಡನೆಯವರು ಕೀಲನ್ನೇ ಬೆಸೆದುಬಿಡೋಣ ಎಂದರು. ಮೂರನೆಯವರು ಕೃತಕ ಕೀಲು ಕೂರಿಸುವ ಮಾತಾಡಿದರು. ಮೂವರ ದನಿಯಲ್ಲೂ ಒಂದೇ ಬಗೆಯ ಖಚಿತತೆ ಇತ್ತು. ಒಂದೇ ನೋವಿಗೆ ಇಷ್ಟು ಬೇರೆ ಬೇರೆ ದಾರಿಗಳು ಹೇಗೆ ಸಾಧ್ಯ ಎಂದು ಹುಡುಕುತ್ತ ಹೊರಟವನಿಗೆ ಸಿಕ್ಕಿದ್ದು ಎಪ್ಪತ್ತು ವರ್ಷಕ್ಕೂ ಮೀರಿದ ಒಂದು ವಾದ.

ಹೆಬ್ಬೆರಳಿನ ಬುಡದ ಕೀಲು ದೇಹದ ವಿಶಿಷ್ಟ ಕೀಲುಗಳಲ್ಲಿ ಒಂದು. ಮಣಿಕಟ್ಟಿನ ಟ್ರೆಪೀಜಿಯಂ ಎಂಬ ಪುಟ್ಟ ಮೂಳೆಯ ಮೇಲೆ ಹೆಬ್ಬೆರಳಿನ ಮೊದಲ ಉದ್ದ ಮೂಳೆ ಕೂತಿರುವುದು ಕುದುರೆಯ ಜೀನಿನ ಮೇಲೆ ಇನ್ನೊಂದು ಜೀನನ್ನು ಅಡ್ಡಲಾಗಿ ಇಟ್ಟ ಹಾಗೆ. ಈ ಆಕಾರದಿಂದಲೇ ಹೆಬ್ಬೆರಳು ಹಿಂದೆ ಮುಂದೆ, ಆಚೆ ಈಚೆ ಆಡುತ್ತದೆ, ಉಳಿದ ನಾಲ್ಕು ಬೆರಳುಗಳಿಗೆ ಎದುರಾಗಿ ನಿಲ್ಲುತ್ತದೆ. ಅದಕ್ಕೆ ತೆರಬೇಕಾದ ಬೆಲೆಯೂ ಇದೆ. 1977ರಲ್ಲಿ ಕೂನಿ ಮತ್ತು ಚಾವೊ ಎಂಬ ಸಂಶೋಧಕರು ಲೆಕ್ಕ ಹಾಕಿದಂತೆ, ಬೆರಳ ತುದಿಯಲ್ಲಿ 1 ಕಿಲೋ ಬಲದಿಂದ ಚಿವುಟಿ ಹಿಡಿದರೆ ಬುಡದ ಕೀಲಿನ ಮೇಲೆ ಸುಮಾರು 12 ಕಿಲೋ ಬಲ ಬೀಳುತ್ತದೆ. ಗಟ್ಟಿಯಾಗಿ ಮುಷ್ಟಿ ಹಿಡಿದರೆ ಅದು 120 ಕಿಲೋವರೆಗೂ ಏರಬಹುದು. ಋತುಬಂಧದ ನಂತರದ ಹೆಂಗಸರಲ್ಲಿ ಈ ಕೀಲಿನ ಸವೆತ ಹೆಚ್ಚು. ಮೃದ್ವಸ್ಥಿ ಸವೆದು, ಅಸ್ಥಿರಜ್ಜುಗಳು ಸಡಿಲವಾಗಿ, ಉದ್ದ ಮೂಳೆ ಮೆಲ್ಲಗೆ ತನ್ನ ಜೀನಿನಿಂದ ಹೊರಕ್ಕೆ ಜಾರುತ್ತದೆ. ಆಯಿಯ ಕೈಯಲ್ಲಿ ಗಂಟಿನಂತೆ ಕಂಡದ್ದು ಹಾಗೆ ಜಾರಿದ ಮೂಳೆಯೇ.

ಒಂದು ಮಾತನ್ನು ಇಲ್ಲೇ ಹೇಳಿಬಿಡಬೇಕು. ಎಕ್ಸ್‌ರೇಯಲ್ಲಿ ಕೀಲು ಪೂರ್ತಿ ಸವೆದಂತೆ ಕಂಡರೂ ನೋವೇ ಇಲ್ಲದವರಿದ್ದಾರೆ, ಚಿತ್ರ ಚೆನ್ನಾಗಿದ್ದೂ ನರಳುವವರಿದ್ದಾರೆ. ಹೀಗಿರುವಾಗ ಚಿತ್ರವನ್ನಷ್ಟೇ ನೋಡಿ ಕತ್ತಿ ಎತ್ತುವುದು ತಪ್ಪು. ಹೆಬ್ಬೆರಳಿಗೆ ಆಸರೆ ಕೊಡುವ ಪಟ್ಟಿ, ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ, ಹಚ್ಚುವ ಔಷಧಿ, ಅಗತ್ಯ ಬಿದ್ದರೆ ಚುಚ್ಚುಮದ್ದು, ಇವನ್ನೆಲ್ಲ ಕೆಲವು ತಿಂಗಳು ಮನಸ್ಸಿಟ್ಟು ಮಾಡಿದ ಅನೇಕರಿಗೆ ಶಸ್ತ್ರಚಿಕಿತ್ಸೆಯ ಪ್ರಶ್ನೆಯೇ ಏಳುವುದಿಲ್ಲ.

ಆ ಪ್ರಶ್ನೆ ಎದ್ದವರ ವಿಷಯಕ್ಕೆ ಬರೋಣ. 1949ರಲ್ಲಿ ಗರ್ವಿಸ್ ಎಂಬ ಬ್ರಿಟಿಷ್ ಶಸ್ತ್ರವೈದ್ಯರು ಬಹಳ ಸರಳವಾದ ಉಪಾಯವೊಂದನ್ನು ಪ್ರಕಟಿಸಿದರು. ಸವೆದ ಟ್ರೆಪೀಜಿಯಂ ಮೂಳೆಯನ್ನು ಪೂರ್ತಿ ತೆಗೆದುಹಾಕಿದರೆ ಒಂದಕ್ಕೊಂದು ಉಜ್ಜಲು ಮೂಳೆಗಳೇ ಇರುವುದಿಲ್ಲ. ಖಾಲಿಯಾದ ಜಾಗದಲ್ಲಿ ರಕ್ತ ಹೆಪ್ಪುಗಟ್ಟಿ, ಕ್ರಮೇಣ ಗಾಯದ ನಾರು ಬೆಳೆದು ಮೆತ್ತೆಯಂತಾಗುತ್ತದೆ. ಇಷ್ಟೇ. ಕೇಳಿದ ಯಾರಿಗಾದರೂ ಒಂದು ಅಳುಕು ಹುಟ್ಟುತ್ತದೆ: ಕಂಬದ ಕೆಳಗಿನ ಕಲ್ಲು ಎಳೆದರೆ ಕಂಬ ಕುಸಿಯದೇ? ಕುಸಿಯುತ್ತದೆ, ನಿಜ. ಹೆಬ್ಬೆರಳಿನ ಮೂಳೆ ಕೆಲವು ಮಿಲಿಮೀಟರ್ ಕೆಳಗೆ ಇಳಿಯುತ್ತದೆ. ಆ ಕುಸಿತ ಕಂಡ ಶಸ್ತ್ರವೈದ್ಯರಿಗೆ ಸಮಾಧಾನವಾಗಲಿಲ್ಲ. ಮುಂದಿನ ನಾಲ್ಕು ದಶಕಗಳ ಇತಿಹಾಸವೆಲ್ಲ ಆ ಖಾಲಿ ಜಾಗವನ್ನು ತುಂಬುವ ಇತಿಹಾಸ. ಒಬ್ಬರು ಸ್ನಾಯುರಜ್ಜುವನ್ನು ಉಂಡೆ ಸುತ್ತಿ ಅಲ್ಲಿ ಇಟ್ಟರು. ಸ್ವಾನ್ಸನ್ ಎಂಬ ಶಸ್ತ್ರವೈದ್ಯರು ಸಿಲಿಕೋನ್ ತುಂಡು ಇಟ್ಟರು. ಅದರ ಪುಡಿ ಉದುರಿ ಸುತ್ತಲ ಅಂಗಾಂಶ ಉರಿಯೂತಕ್ಕೆ ಒಳಗಾದ್ದರಿಂದ ಆ ಹಾದಿಯನ್ನು ಬಹುಪಾಲು ಬಿಡಬೇಕಾಯಿತು. 1986ರಲ್ಲಿ ಅಮೆರಿಕದ ಬರ್ಟನ್ ಮತ್ತು ಪೆಲೆಗ್ರಿನಿ, ಮಣಿಕಟ್ಟನ್ನು ಬಗ್ಗಿಸುವ ಒಂದು ಸ್ನಾಯುರಜ್ಜುವಿನ ಅರ್ಧವನ್ನು ಸೀಳಿ ತೆಗೆದು, ಹೆಬ್ಬೆರಳಿನ ಮೂಳೆಯಲ್ಲಿ ರಂಧ್ರ ಕೊರೆದು ಅದರೊಳಗೆ ತೂರಿಸಿ ತೂಗುಹಾಕಿ, ಉಳಿದ ತುದಿಯನ್ನು ಖಾಲಿ ಜಾಗಕ್ಕೆ ಮಡಚಿ ತುಂಬುವ ವಿಧಾನ ವಿವರಿಸಿದರು. ಅದು ಎಷ್ಟು ಜನಪ್ರಿಯವಾಯಿತೆಂದರೆ ಅಮೆರಿಕದ ಬಹುಪಾಲು ಕೈ ಶಸ್ತ್ರವೈದ್ಯರ ಮೊದಲ ಆಯ್ಕೆ ಇಂದಿಗೂ ಅದೇ.

ಆ ವಿಧಾನದ ಚಿತ್ರಗಳನ್ನು ನೋಡಿದಾಗ ಅದರ ಜಾಣ್ಮೆಗೆ ನಾನೂ ಮಾರುಹೋದೆ. ಬಿದ್ದುಹೋಗಬಹುದಾದ ಕಂಬಕ್ಕೆ ಅದೇ ಮನೆಯ ಹಗ್ಗದಿಂದ ಕಟ್ಟು. ಆದರೆ ಚಂದದ ತರ್ಕಕ್ಕೂ ಪರೀಕ್ಷೆ ಬೇಕು. ಆ ಪರೀಕ್ಷೆಯನ್ನು ಇಂಗ್ಲೆಂಡಿನಲ್ಲಿ ಡೇವಿಸ್ ಮತ್ತು ಸಂಗಡಿಗರು ತಾಳ್ಮೆಯಿಂದ ಮಾಡಿದರು. 162 ಹೆಂಗಸರ 183 ಹೆಬ್ಬೆರಳುಗಳನ್ನು ಮೂರು ಗುಂಪಾಗಿ ಹಂಚಿದರು. ಒಂದು ಗುಂಪಿಗೆ ಮೂಳೆ ತೆಗೆದು ಬಿಟ್ಟರು, ಇನ್ನೊಂದಕ್ಕೆ ಸ್ನಾಯುರಜ್ಜುವಿನ ಉಂಡೆ ಇಟ್ಟರು, ಮೂರನೆಯದಕ್ಕೆ ರಜ್ಜು ಕಟ್ಟಿ ಉಂಡೆಯನ್ನೂ ಇಟ್ಟರು. 2004ರಲ್ಲಿ ಪ್ರಕಟವಾದ ಫಲಿತಾಂಶ: ಒಂದು ವರ್ಷದ ಕೊನೆಗೆ ನೋವಿನಲ್ಲಾಗಲಿ ಹಿಡಿತದ ಬಲದಲ್ಲಾಗಲಿ ಮೂರೂ ಗುಂಪುಗಳ ನಡುವೆ ಗಮನಾರ್ಹ ವ್ಯತ್ಯಾಸವಿಲ್ಲ. ಒಂದು ವರ್ಷ ಸಾಲದು, ಕುಸಿತದ ಪರಿಣಾಮ ಆಮೇಲೆ ತಿಳಿಯುತ್ತದೆ ಎಂಬ ಆಕ್ಷೇಪ ಬಂತು. ನ್ಯಾಯವಾದ ಆಕ್ಷೇಪವೇ. ಅದಕ್ಕೆ ಉತ್ತರವಾಗಿ 5ರಿಂದ 18 ವರ್ಷಗಳ ನಂತರ 153 ಹೆಬ್ಬೆರಳುಗಳನ್ನು ಮತ್ತೆ ನೋಡಿದ ವರದಿ 2012ರಲ್ಲಿ ಬಂತು. ಆಗಲೂ ವ್ಯತ್ಯಾಸ ಕಾಣಲಿಲ್ಲ. ಮೂಳೆ ತೆಗೆದ ಮೇಲೆ ರಜ್ಜು ಕಟ್ಟಿ, ತಾತ್ಕಾಲಿಕವಾಗಿ ತಂತಿಯನ್ನೂ ಚುಚ್ಚಿ ಹಿಡಿಸಿದರೆ ಮೇಲೇ ಎಂದು ಕೇಳಿದ ಇನ್ನೊಂದು ಅಧ್ಯಯನ, ಆರು ವರ್ಷದ ಕೊನೆಗೆ ಅದರಿಂದಲೂ ಲಾಭವಿಲ್ಲ ಎಂದಿತು.

ಎಲ್ಲ ಪ್ರಯೋಗಗಳನ್ನೂ ಒಟ್ಟಿಗೆ ತೂಗಿದ ಕಾಕ್ರೇನ್ ಪರಾಮರ್ಶೆ 2005ರಿಂದ ಒಂದಕ್ಕಿಂತ ಹೆಚ್ಚು ಬಾರಿ ಪರಿಷ್ಕೃತವಾಗಿದೆ. 2015ರ ಆವೃತ್ತಿಯಲ್ಲಿ 11 ಅಧ್ಯಯನಗಳು, 670 ಮಂದಿ. ಯಾವ ಶಸ್ತ್ರಚಿಕಿತ್ಸೆಯೂ ಇನ್ನೊಂದಕ್ಕಿಂತ ಮೇಲೆಂದು ಹೇಳಲು ಆಧಾರವಿಲ್ಲ ಎಂಬುದೇ ಅದರ ತೀರ್ಮಾನ. ಅದಕ್ಕೂ ಹಿಂದಿನ ಆವೃತ್ತಿಯ ಒಂದು ಅಂಕಿ ನನ್ನ ಮನಸ್ಸಿನಲ್ಲಿ ಉಳಿದಿದೆ: ರಜ್ಜು ಕಟ್ಟಿ ತುಂಬಿದವರಲ್ಲಿ ಶೇ. 22 ಮಂದಿಗೆ ಗಾಯದ ನೋವು, ಸ್ಪರ್ಶ ವ್ಯತ್ಯಾಸ, ರಜ್ಜು ಅಂಟಿಕೊಳ್ಳುವುದು ಇಂಥ ತೊಂದರೆಗಳಾದರೆ, ಬರೀ ಮೂಳೆ ತೆಗೆದವರಲ್ಲಿ ಅದು ಶೇ. 10. ಫಲ ಒಂದೇ, ತೊಂದರೆ ಇಮ್ಮಡಿ. ಇಷ್ಟಾದ ಮೇಲೂ ಸಂಕೀರ್ಣ ವಿಧಾನವೇ ಮೊದಲ ಆಯ್ಕೆಯಾಗಿ ಉಳಿದಿರುವುದು ನನಗೆ ಒಪ್ಪಿಗೆಯಾಗುವುದಿಲ್ಲ. ಕಲಿತ ಕೈಚಳಕದ ಮೇಲಿನ ಪ್ರೀತಿ ಅರ್ಥವಾಗುತ್ತದೆ, ಎಕ್ಸ್‌ರೇಯಲ್ಲಿ ಕುಸಿದ ಮೂಳೆ ಕಂಡಾಗ ಶಸ್ತ್ರವೈದ್ಯರಿಗಾಗುವ ಕಸಿವಿಸಿಯೂ ಅರ್ಥವಾಗುತ್ತದೆ. ಆದರೆ ಕುಸಿತಕ್ಕೂ ನೋವಿಗೂ ನಾವೆಣಿಸಿದ ನಂಟಿಲ್ಲ ಎಂದು ರೋಗಿಗಳ ಕೈಗಳೇ ಹೇಳಿರುವಾಗ, ಹೆಚ್ಚು ಕೊಯ್ಯಬೇಕೆನ್ನುವವರೇ ಅದರ ಲಾಭವನ್ನು ರುಜುವಾತು ಮಾಡಬೇಕು.

ಕೀಲು ಬೆಸೆಯುವುದರ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಭಾರದ ಕೆಲಸ ಮಾಡುವ ಹರೆಯದ ಗಂಡಸರಿಗೆ ಬಲವಾದ ಹೆಬ್ಬೆರಳು ಬೇಕು, ಅವರಿಗೆ ಬೆಸುಗೆಯೇ ಸರಿ ಎಂಬ ಮಾತು ಪಠ್ಯಪುಸ್ತಕಗಳಲ್ಲಿ ಬಹುಕಾಲದಿಂದ ಇದೆ. ಬೆಸೆದರೆ ನೋವು ಹೋಗುತ್ತದೆ, ಆದರೆ ಅಂಗೈ ಸಪಾಟಾಗಿ ಹರಡುವುದಿಲ್ಲ, ಕೆಲವೊಮ್ಮೆ ಮೂಳೆ ಕೂಡಿಕೊಳ್ಳುವುದೇ ಇಲ್ಲ. ನೆದರ್‌ಲ್ಯಾಂಡ್ಸ್‌ನಲ್ಲಿ ನಲವತ್ತು ದಾಟಿದ ಹೆಂಗಸರ ಮೇಲೆ ಬೆಸುಗೆಯನ್ನೂ ಮೂಳೆ ತೆಗೆದು ರಜ್ಜು ಕಟ್ಟುವುದನ್ನೂ ಹೋಲಿಸಿದ ಪ್ರಯೋಗವನ್ನು, ಬೆಸುಗೆಯ ಗುಂಪಿನಲ್ಲಿ ತೊಂದರೆಗಳು ಹೆಚ್ಚಾದವೆಂದು ಅರ್ಧಕ್ಕೇ ನಿಲ್ಲಿಸಬೇಕಾಯಿತು. 2014ರ ಆ ವರದಿಯನ್ನು ಓದಿದ ಮೇಲೆ, ಜೋಳದ ರೊಟ್ಟಿ ತಟ್ಟುವ ಹೆಣ್ಣುಮಗಳೊಬ್ಬಳಿಗೆ ಇದನ್ನು ಸೂಚಿಸುವ ಮುನ್ನ ಯಾರೂ ಎರಡು ಸಲ ಯೋಚಿಸಬೇಕು ಅನ್ನಿಸಿತು.

ಕೃತಕ ಕೀಲಿನ ಕಥೆ ಬೇರೆ. 1970ರ ದಶಕದಲ್ಲಿ ಫ್ರಾನ್ಸಿನ ದ ಲಾ ಕಾಫಿನಿಯೇರ್ ಶುರುಮಾಡಿದ ಗುಂಡು ಮತ್ತು ಬಟ್ಟಲಿನ ವಿನ್ಯಾಸ ಸೊಂಟದ ಕೃತಕ ಕೀಲನ್ನು ಪುಟ್ಟದಾಗಿಸಿದಂತಿತ್ತು. ಬಟ್ಟಲು ಸಡಿಲಗೊಳ್ಳುವುದು, ಗುಂಡು ಜಾರುವುದು ಹಳೆಯ ವಿನ್ಯಾಸಗಳ ಕಾಯಿಲೆಗಳು. ಈಗಿನ ಕೀಲುಗಳಲ್ಲಿ ಪುಟ್ಟ ಗುಂಡು ಪ್ಲಾಸ್ಟಿಕ್ ಒಳಪದರದೊಳಗೆ, ಆ ಒಳಪದರ ಲೋಹದ ಬಟ್ಟಲಿನೊಳಗೆ ತಿರುಗುತ್ತದೆ. ಇದೂ ಫ್ರಾನ್ಸಿನಲ್ಲಿ ಸೊಂಟಕ್ಕಾಗಿ ಹುಟ್ಟಿದ ಉಪಾಯವೇ, ಜಾರುವುದನ್ನು ಕಡಿಮೆ ಮಾಡುವುದು ಅದರ ಗುರಿ. ಈ ವಿಧಾನದ ನಿಜವಾದ ಗುಣ ವೇಗ. ಮೂಳೆ ತೆಗೆದವರ ಕೈ ಪೂರ್ತಿ ಬಲಗೊಳ್ಳಲು ಆರು ತಿಂಗಳಿಂದ ಒಂದು ವರ್ಷ ಹಿಡಿಯುತ್ತದೆ, ಕೃತಕ ಕೀಲಿನವರು ಅದಕ್ಕಿಂತ ಬಹಳ ಮೊದಲೇ ಕೆಲಸಕ್ಕೆ ಮರಳುತ್ತಾರೆ. ದಿನಗೂಲಿಯವರಿಗೆ, ಬೀಡಿ ಕಟ್ಟುವವರಿಗೆ, ಒಂಟಿಯಾಗಿ ಮನೆ ನಡೆಸುವವರಿಗೆ ಇದು ಸಣ್ಣ ಸಂಗತಿಯಲ್ಲ, ಹಾಗಾಗಿ ಈ ಹಾದಿಯನ್ನು ಸಾರಾಸಗಟಾಗಿ ತಳ್ಳಿಹಾಕಲು ನಾನು ಸಿದ್ಧನಿಲ್ಲ. ಆದರೆ ಕೀಲಿನ ದುಬಾರಿ ಬೆಲೆಯನ್ನು ತೆರಬೇಕಾದವರೂ ಅವರೇ. ಮತ್ತೆ ಕೊಯ್ಯಬೇಕಾಗುವ ಅಪಾಯವೂ ಸರಳ ವಿಧಾನಕ್ಕಿಂತ ಹೆಚ್ಚು. ಕೀಲು ಸೋತರೆ ಅದನ್ನು ತೆಗೆದು, ಟ್ರೆಪೀಜಿಯಂ ಅನ್ನೂ ತೆಗೆದು, ಗರ್ವಿಸ್ ಹೇಳಿದಲ್ಲಿಗೇ ಬರಬಹುದೆಂಬುದು ಒಂದು ಸಮಾಧಾನ.

ಸರಳ ವಿಧಾನದ ಪರ ವಾದಿಸುತ್ತಿರುವ ನಾನು ಅದರ ಆಧಾರಗಳ ಕೊರತೆಯನ್ನೂ ಹೇಳಬೇಕು. ಪ್ರಯೋಗಗಳು ಬಹುಪಾಲು ಚಿಕ್ಕವು. ಕೊಯ್ಯದೆ ಕೊಯ್ದಂತೆ ಮಾಡಿದ ಗುಂಪಿನೊಂದಿಗೆ ಹೋಲಿಸಿದ ಒಂದು ಅಧ್ಯಯನವೂ 2015ರ ಪರಾಮರ್ಶೆಗೆ ಸಿಗಲಿಲ್ಲ. ಅಳತೆಗೋಲಿನ ಪ್ರಶ್ನೆ ಇನ್ನೂ ದೊಡ್ಡದು. ಕೈಯ ಸಾಮರ್ಥ್ಯ ಅಳೆಯಲು ಬಹಳವಾಗಿ ಬಳಸುವ ಡ್ಯಾಶ್ ಎಂಬ 30 ಪ್ರಶ್ನೆಗಳ ಪಟ್ಟಿ, ಬಿಗಿಯಾದ ಶೀಶೆ ತೆರೆಯಬಲ್ಲಿರಾ, ಬೀಗ ತಿರುಗಿಸಬಲ್ಲಿರಾ ಎಂದು ಕೇಳುತ್ತದೆ. ಬಿರುಸಿನ ಆಟದ ಉದಾಹರಣೆಯಾಗಿ ಗಾಲ್ಫ್, ಟೆನಿಸ್ ಹೆಸರಿಸುತ್ತದೆ. ಅದನ್ನು ಬರೆದವರ ಊರಿಗೆ ಅದು ಸರಿಯೇ. ಮಲ್ಲಿಗೆ ಕಟ್ಟುವ, ಬೀಡಿ ಸುತ್ತುವ, ಕಾಯಿ ತುರಿಯುವ ಕೈಗಳು ಹೆಬ್ಬೆರಳನ್ನು ಬಳಸುವ ಪರಿ ಬೇರೆ. ಮೂಳೆ ತೆಗೆಯುವ ವಿಧಾನಗಳೆಲ್ಲ ಸಮ ಎಂಬ ತೀರ್ಪು ಇಂಥ ಅಳತೆಗಳ ಮಟ್ಟಿಗೆ ನಿಂತಿದೆ. ನಮ್ಮ ಕೆಲಸಗಳನ್ನು ಕೇಳುವ ಅಧ್ಯಯನ ನಮ್ಮ ಆಸ್ಪತ್ರೆಗಳಲ್ಲೇ ನಡೆಯಬೇಕು.

ಆಯಿ ಮಾತ್ರ ಮೂವರು ವೈದ್ಯರಿಗೂ ಒಂದೇ ಪ್ರಶ್ನೆ ಕೇಳಿದ್ದಳು, ಮುಂದಿನ ಕೊಯ್ಲಿಗೆ ಹಸಿ ಅಡಕೆ ಸುಲಿಯಲು ಬರುತ್ತದೆಯೇ ಎಂದು. ಇಬ್ಬರು ನಕ್ಕು, ಈ ವಯಸ್ಸಿನಲ್ಲಿ ಅದೆಲ್ಲ ಯಾಕಮ್ಮ ಎಂದರು. ಒಬ್ಬರು ಅವಳ ಎರಡೂ ಕೈ ಹಿಡಿದು, ಕಾಯಿ ಹೇಗೆ ಒತ್ತುತ್ತೀರಿ, ತೋರಿಸಿ ಎಂದರು. ಅವಳು ಮೇಜಿನ ಮೇಲಿದ್ದ ಪೆನ್ನಿನ ಮುಚ್ಚಳವನ್ನು ಹಿಡಿದು ತೋರಿಸಿದಳು.