ಅಂಕಿತ ಮತ್ತು ಅಂಕನ

ಲಿಖಿತ ಕೃತಿಯೊಂದರಲ್ಲಿ ಕಣ್ಣಿಗೆ ಕಾಣುವ ಅಕ್ಷರಗಳ ಹಿಂದೆ ಒಂದು ರಚನಾವಿನ್ಯಾಸ ಅಡಗಿರುತ್ತದೆ. ಶೀರ್ಷಿಕೆ ಎಲ್ಲಿ ಮುಗಿಯಿತು, ಪದ್ಯ ಎಲ್ಲಿ ಮೊದಲಾಯಿತು, ಉದ್ಧರಿಸಿದ ಮಾತು ಯಾರದು ಎಂಬುದನ್ನು ಸಹೃದಯನ ಬುದ್ಧಿ ತಾನಾಗಿಯೇ ಗ್ರಹಿಸುತ್ತದೆ. ಗಣಕಯಂತ್ರಕ್ಕೆ ಈ ವಿನ್ಯಾಸವನ್ನು ನಿಸ್ಸಂದಿಗ್ಧವಾಗಿ ತಿಳಿಸಬೇಕಾದರೆ ಪಠ್ಯದ ಒಂದೊಂದು ಅಂಗದ ಆದಿಯಲ್ಲಿಯೂ ಅಂತ್ಯದಲ್ಲಿಯೂ ಅದರ ಹೆಸರನ್ನು ಕೋನಾವರಣದೊಳಗೆ ಬರೆದು ಸೂಚಿಸುತ್ತಾರೆ. ಮಾರ್ಕಪ್ ಎಂದು ಪ್ರಸಿದ್ಧವಾದ ಈ ವಿಧಾನವನ್ನು ಕನ್ನಡದಲ್ಲಿ ಪಠ್ಯಾಂಕನವೆನ್ನಬಹುದು. 1986ರಲ್ಲಿ ಎಸ್‌ಜಿಎಂಎಲ್ ಎಂಬ ಅಂಕನಭಾಷೆಯು ಅಂತರರಾಷ್ಟ್ರೀಯ ಮಾನಕವಾಯಿತು; ಅದನ್ನು ಸರಳಗೊಳಿಸಿದ ಎಕ್ಸ್‌ಎಂಎಲ್ 1998ರಲ್ಲಿ ಬಳಕೆಗೆ ಬಂದಿತು. ಸಾಹಿತ್ಯಕೃತಿಗಳನ್ನೂ ಹಸ್ತಪ್ರತಿಗಳನ್ನೂ ಹೀಗೆ ಅಂಕಿಸುವುದಕ್ಕಾಗಿ 1987ರಲ್ಲಿ ಮೊದಲಾದ ಟೆಕ್ಸ್ಟ್ ಎನ್‌ಕೋಡಿಂಗ್ ಇನಿಷಿಯೇಟಿವ್ ಎಂಬ ವಿದ್ವತ್‌ಪ್ರಯತ್ನವು ವಿಸ್ತಾರವಾದ ಮಾರ್ಗಸೂಚಿಗಳನ್ನು ರೂಪಿಸಿದೆ.

ಈ ವಿದ್ಯೆಯ ವೃತ್ತಿಶಿಕ್ಷಣದಲ್ಲಿ ಚಿಹ್ನೆಗಳ ಪರಿಚಯ, ಒಂದು ಅಂಗವನ್ನು ಇನ್ನೊಂದರೊಳಗೆ ಅಡಕಗೊಳಿಸುವ ಕ್ರಮ, ಎಲ್ಲಿ ಯಾವುದು ಬರಬಹುದೆಂದು ವಿಧಿಸುವ ಸ್ಕೀಮಾದ ರಚನೆ, ಸಿದ್ಧವಾದ ಪಠ್ಯವನ್ನು ಅನ್ಯರೂಪಗಳಿಗೆ ಪರಿವರ್ತಿಸುವ ಬಗೆ ಇವೇ ಮುಖ್ಯ ವಿಷಯಗಳು. ಇವೆಲ್ಲವೂ ಅವಶ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಇಷ್ಟಕ್ಕೇ ಶಿಕ್ಷಣ ತೃಪ್ತವಾದರೆ ಅದರಿಂದ ಕುಶಲನಾದ ಲಿಪಿಕಾರ ಸಿದ್ಧನಾದಾನೇ ಹೊರತು ಸಂಪಾದಕ ಸಿದ್ಧನಾಗಲಾರ. ಸ್ಕೀಮಾಕ್ಕೆ ಒಡಂಬಟ್ಟ ಪಠ್ಯವನ್ನು ಯಂತ್ರ ದೋಷರಹಿತವೆಂದು ಒಪ್ಪಿಕೊಳ್ಳುತ್ತದೆ. ಆದರೆ ಇಟ್ಟ ಗುರುತು ಅರ್ಥಕ್ಕೆ ಸಲ್ಲುವುದೋ ಇಲ್ಲವೋ ಎಂಬುದು ಆ ಪರೀಕ್ಷೆಯ ವ್ಯಾಪ್ತಿಗೆ ಬರುವುದಿಲ್ಲ.

ಒಂದು ಊರಿನ ಹೆಸರಿನಿಂದಲೇ ಇದನ್ನು ವಿಶದಪಡಿಸಬಹುದು. ಉಡುಪಿ ಜಿಲ್ಲೆಯ ಕಾಪು ತಾಲೂಕಿನಲ್ಲಿ ಇನ್ನಂಜೆಯೆಂಬ ಗ್ರಾಮವಿದೆ. ಕೊಂಕಣ ರೈಲುಮಾರ್ಗದಲ್ಲಿ ಅದೇ ಹೆಸರಿನ ನಿಲ್ದಾಣವಿದೆ. ಹುಟ್ಟೂರಿನ ಹೆಸರನ್ನು ತಮ್ಮ ಹೆಸರಿನೊಡನೆ ಸೇರಿಸಿಕೊಳ್ಳುವ ರೂಢಿಯೂ ಕರಾವಳಿಯಲ್ಲಿ ಬಳಕೆಯಲ್ಲಿದೆ. ಹೀಗಿರುವಾಗ ಲೇಖನವೊಂದರಲ್ಲಿ ಬಂದ ‘ಇನ್ನಂಜೆ’ ಎಂಬ ಪದ ಗ್ರಾಮವೋ, ನಿಲ್ದಾಣವೋ, ವ್ಯಕ್ತಿನಾಮದ ಭಾಗವೋ ಎಂಬುದನ್ನು ಸಂದರ್ಭದಿಂದಲೇ ನಿರ್ಣಯಿಸಬೇಕು. ವ್ಯಕ್ತಿಯ ಹೆಸರಿಗೆ ಸ್ಥಳದ ಗುರುತನ್ನು ಇಟ್ಟರೂ ಯಂತ್ರ ಆಕ್ಷೇಪಿಸದೆ ಇರಬಹುದು. ಆದರೆ ಮುಂದೆ ಆ ಪಠ್ಯದಿಂದ ಗ್ರಾಮಸೂಚಿಯನ್ನು ತೆಗೆಯುವವನು ಮೋಸಹೋಗುತ್ತಾನೆ.

ಇಂತಹ ವಿವೇಕದ ಪಾಠಕ್ಕಾಗಿ ಇನ್ನಂಜೆಯ ವಿದ್ಯಾರ್ಥಿ ದೂರ ಹೋಗಬೇಕಾಗಿಲ್ಲ. ಉಡುಪಿಯ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜಿನ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರದಿಂದ ಡಾ. ಯು. ಪಿ. ಉಪಾಧ್ಯಾಯರ ಪ್ರಧಾನ ಸಂಪಾದಕತ್ವದಲ್ಲಿ 1988ರಿಂದ 1997ರವರೆಗೆ ಆರು ಸಂಪುಟಗಳಲ್ಲಿ ಪ್ರಕಟವಾದ ತುಳು ನಿಘಂಟು ಅಲ್ಲಿಯೇ ಇದೆ. ಅದರಲ್ಲಿ ಶಿರೋನಾಮವಾದ ಪದ, ಅದರ ರೋಮನ್ ರೂಪ, ಕನ್ನಡ ಮತ್ತು ಇಂಗ್ಲಿಷ್ ಅರ್ಥಗಳು, ಪ್ರಾದೇಶಿಕ ಹಾಗೂ ಸಾಮಾಜಿಕ ಭೇದಗಳು, ಸೋದರಭಾಷೆಗಳ ಜ್ಞಾತಿಪದಗಳು ಒಂದು ವ್ಯವಸ್ಥೆಗೆ ಒಳಪಟ್ಟು ಬರುತ್ತವೆ. ಅಂಕನಕಾರನು ಇಂದು ಎಂಟ್ರಿ, ಫಾರ್ಮ್, ಸೆನ್ಸ್, ಎಟಿಮ್ ಎಂಬ ಹೆಸರುಗಳಿಂದ ಬೇರ್ಪಡಿಸುವ ಅಂಗಗಳನ್ನು ಕೋಶಕಾರರು ಮೊದಲೇ ವಿಂಗಡಿಸಿಟ್ಟಿದ್ದಾರೆ. ಒಂದು ರೂಪವನ್ನು ಪ್ರತ್ಯೇಕ ಪದವೆಂದು ಎಣಿಸಬೇಕೇ, ಉಚ್ಚಾರಣಾಭೇದವೆಂದು ಅಡಕಗೊಳಿಸಬೇಕೇ ಎಂಬ ನಿರ್ಣಯಕ್ಕೆ ಬೇಕಾದುದು ಭಾಷಾಜ್ಞಾನ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲರ ಕನ್ನಡ–ಇಂಗ್ಲಿಷ್ ನಿಘಂಟಿಗೂ ಈ ಮಾತು ಅನ್ವಯಿಸುತ್ತದೆ. ಇಂತಹ ಕೋಶದ ಒಂದು ಪುಟವನ್ನು ಅಂಕಿಸಲು ಕುಳಿತ ವಿದ್ಯಾರ್ಥಿ, ಸಾಧನವನ್ನು ಕಲಿಯುವುದರ ಜೊತೆಗೆ ಹಿರಿಯರ ನಿರ್ಣಯಗಳನ್ನೂ ಹೆಜ್ಜೆಹೆಜ್ಜೆಗೆ ಕಲಿಯುತ್ತಾನೆ.

ವಚನ ಸಾಹಿತ್ಯಕ್ಕೆ ಬಂದಾಗ ಈ ಹೊಣೆ ಇನ್ನೂ ಗುರುತರವಾಗುತ್ತದೆ. ಕೂಡಲಸಂಗಮದೇವ, ಗುಹೇಶ್ವರ, ಚೆನ್ನಮಲ್ಲಿಕಾರ್ಜುನ ಎಂಬ ಅಂಕಿತಗಳನ್ನು ಪರಿಶೀಲಿಸಬೇಕು. ಅಂಕಿತವು ವಚನಕಾರನನ್ನು ಗುರುತಿಸುವ ಮುದ್ರಿಕೆ; ಅದೇ ಇಷ್ಟದೈವದ ನಾಮ; ಅನೇಕ ವೇಳೆ ಅದೇ ಸಂಬೋಧನೆ. ಕೇವಲ ದೇವನಾಮವೆಂದು ಅಂಕಿಸಿದರೆ ಕರ್ತೃತ್ವದ ಸಾಕ್ಷ್ಯ ಮರೆಯಾಗುತ್ತದೆ. ಕೇವಲ ಕರ್ತೃವಿನ ಗುರುತೆಂದರೆ ಶರಣನು ತನ್ನ ದೈವದೊಡನೆ ಆಡಿದ ಮಾತು ವಿಳಾಸದ ಚೀಟಿಯಾಗಿಬಿಡುತ್ತದೆ. ಶೂನ್ಯಸಂಪಾದನೆಯಲ್ಲಿ ಸಮಸ್ಯೆ ಮತ್ತಷ್ಟು ಜಟಿಲ. ಸ್ವತಂತ್ರವಾಗಿ ನಿಲ್ಲಬಲ್ಲ ವಚನವು ಅಲ್ಲಿ ಸಂವಾದದ ನಡುವಣ ಉತ್ತರವೂ ಆಗಿದೆ. ಆದುದರಿಂದ ಒಂದೇ ಪಠ್ಯಭಾಗಕ್ಕೆ ಎರಡು ಸ್ಥಾನಗಳನ್ನು ಕಲ್ಪಿಸಬಲ್ಲ ಅಂಕನವಿನ್ಯಾಸ ಬೇಕಾಗುತ್ತದೆ.

ಎಕ್ಸ್‌ಎಂಎಲ್‌ನ ಸ್ವಭಾವಸಿದ್ಧವಾದ ಮಿತಿಯೊಂದನ್ನೂ ಇಲ್ಲಿ ಗಮನಿಸಬೇಕು. ಅದರಲ್ಲಿ ಒಂದು ಅಂಗ ಇನ್ನೊಂದರೊಳಗೆ ಪೂರ್ಣವಾಗಿ ಅಡಗಬೇಕು; ಅರ್ಧ ಒಳಗೆ, ಅರ್ಧ ಹೊರಗೆ ಇರುವಂತಿಲ್ಲ. ಆದರೆ ತಾಳೆಯ ಗರಿ ಮುಗಿಯುವುದು ವಚನದ ಮಧ್ಯದಲ್ಲಿ. ಹೀಗಾಗಿ ಗರಿಯ ಅಂತ್ಯವನ್ನು ಆವರಣವಾಗಿ ಮಾಡದೆ, ಮೈಲಿಗಲ್ಲಿನಂತಹ ಬರಿಯ ಸ್ಥಾನಸೂಚಕದಿಂದ ಗುರುತಿಸುತ್ತಾರೆ. ಓಲೆಗರಿಯಲ್ಲಿ ಸಂತತವಾಗಿ ಬರೆದ ವಚನವನ್ನು ಸಾಲುಸಾಲಾಗಿ ಒಡೆಯುವುದು ಆಧುನಿಕ ಸಂಪಾದಕರ ಕಾರ್ಯ. ಆ ಸಾಲುಗಳನ್ನು ಮೂಲದವೆಂದೇ ಅಂಕಿಸಿದರೆ ಸಂಪಾದಕನ ಊಹೆ ಶರಣನ ವಾಣಿಯಾಗಿ ಚಲಾವಣೆಗೆ ಬರುತ್ತದೆ.

ಇದು ಕೇವಲ ಪಂಡಿತರ ಚರ್ಚೆಯೆಂದು ಕಡೆಗಣಿಸುವಂತಿಲ್ಲ. ಬಸವಣ್ಣನವರ ವಚನಗಳಲ್ಲಿ ಕೂಡಲಸಂಗಮದೇವ ಎಂಬ ಅಂಕಿತದ ಸ್ಥಾನದಲ್ಲಿ ಲಿಂಗದೇವ ಎಂದು ಅಚ್ಚುಮಾಡಿದ ಗ್ರಂಥವನ್ನು ಕರ್ನಾಟಕ ಸರ್ಕಾರವು 1998ರಲ್ಲಿ ಮುಟ್ಟುಗೋಲು ಹಾಕಿಕೊಂಡಿತು. ಆ ಆದೇಶವನ್ನು ಸರ್ವೋಚ್ಚ ನ್ಯಾಯಾಲಯವು 2017ರಲ್ಲಿ ಎತ್ತಿಹಿಡಿಯಿತು. ಒಂದು ಪದದ ಪಲ್ಲಟ ಎಷ್ಟು ಮನಸ್ಸುಗಳನ್ನು ಕಲಕಬಲ್ಲದೆಂಬುದಕ್ಕೆ ಬೇರೆ ನಿದರ್ಶನ ಬೇಡ. ಪಠ್ಯಾಂಕನದ ಹಿರಿಮೆ ಪ್ರಕಟವಾಗುವುದು ಇಲ್ಲಿಯೇ. ಹಸ್ತಪ್ರತಿಯ ಪಾಠವನ್ನು ಇದ್ದಂತೆಯೇ ಉಳಿಸಿ, ಪಾಠಾಂತರವನ್ನು ಅದರ ಪ್ರತಿಯ ಹೆಸರಿನೊಡನೆ ಕೊಟ್ಟು, ತಿದ್ದುಪಡಿಯನ್ನು ಸೂಚಿಸಿದವರ ಹೊಣೆಗೇ ಬಿಟ್ಟು, ಇವೆಲ್ಲವನ್ನೂ ಒಂದೇ ಕಡತದಲ್ಲಿ ಬೇರೆಬೇರೆಯಾಗಿ ಇರಿಸಲು ಅದು ಅವಕಾಶ ಕೊಡುತ್ತದೆ. ಅಭಿಪ್ರಾಯಕ್ಕೆ ಸ್ಥಳವುಂಟು, ಆದರೆ ಅದು ಮೂಲದ ಪೀಠವನ್ನು ಏರುವಂತಿಲ್ಲ.

ಆದುದರಿಂದ ಈ ಶಿಕ್ಷಣವನ್ನು ಯೋಜಿಸುವವರು ತಂತ್ರಜ್ಞನನ್ನೂ ಗ್ರಂಥಸಂಪಾದಕನನ್ನೂ ಒಂದೇ ಮಣೆಯ ಮೇಲೆ ಕೂರಿಸಬೇಕು. ವಿದ್ಯಾರ್ಥಿಯ ಕೈಗೆ ಮೊದಲು ಬರಬೇಕಾದುದು ಒಂದು ಓಲೆಗರಿಯ ಪ್ರತಿ ಅಥವಾ ನಿಘಂಟಿನ ಒಂದು ಪುಟ. ಚಿಹ್ನೆಗಳ ಪಟ್ಟಿ ಆಮೇಲೆ ಬಂದರೆ ಸಾಕು. ತಾನಿಟ್ಟ ಒಂದೊಂದು ಗುರುತಿಗೂ ಕಾರಣವನ್ನು ಹೇಳಬಲ್ಲವನಾದಾಗ ಅವನ ಶಿಕ್ಷಣ ಪೂರ್ಣವಾಯಿತೆನ್ನಬೇಕು. ಅಂಕಿತದಿಂದ ಶರಣರು ತಮ್ಮ ಮಾತಿಗೆ ತಾವೇ ಹೊಣೆಯಾದರು. ಅಂಕನಕಾರನೂ ತನ್ನ ಗುರುತಿಗೆ ಹಾಗೆಯೇ ಹೊಣೆಯಾಗಬೇಕಾದುದು ನ್ಯಾಯ.